ಚೆಸ್ ಎಂಜಿನ್ ಬರೆಯುವವರಿಗೆ ಸ್ಟಾಕ್‌ಫಿಶ್‌ನ ಪರ್ಫ್ಟ್: ಎಷ್ಟು ನಂಬಬಹುದು?

ಹಾಸನದಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್‌ಗೆಂದು ಚೆಸ್ ಎಂಜಿನ್ ಬರೆಯಲು ಕೂತವರು ಮೊದಲು ಇಳಿಸಿಕೊಳ್ಳಬೇಕಾದ ಸಾಧನ ಸ್ಟಾಕ್‌ಫಿಶ್ ಎಂಬ ಚೆಸ್ ಎಂಜಿನ್. ಉಚಿತ, ಮೂಲ ಕೋಡೂ ಮುಕ್ತ. ಪರ್ಫ್ಟ್ ಎಂದರೆ ಒಂದು ಸ್ಥಾನದಿಂದ ಸಾಧ್ಯವಿರುವ ನಡೆಗಳ ಎಣಿಕೆ. ಅದರಲ್ಲಿ 'ಗೋ ಪರ್ಫ್ಟ್ 6' (go perft 6) ಎಂದು ಕೊಟ್ಟರೆ ಆರು ಅರ್ಧನಡೆಗಳವರೆಗಿನ, ಅಂದರೆ ಆಳ 6ರ (ಒಬ್ಬ ಆಟಗಾರನ ಒಂದು ನಡೆಯೇ ಅರ್ಧನಡೆ) ಎಲ್ಲ ಸಾಧ್ಯತೆಗಳನ್ನೂ ಎಣಿಸಿ, ಮೊದಲ ನಡೆಗೊಂದರಂತೆ ಲೆಕ್ಕ ಬಿಡಿಸಿಡುತ್ತದೆ. ಆರಂಭದ ಸ್ಥಾನದಿಂದ ಮೊತ್ತ 11,90,60,324 ಬರಬೇಕು.

ನಿಮ್ಮ ಎಂಜಿನ್ ನಡೆಗಳನ್ನು ಹುಡುಕುವಲ್ಲಿ ಮಾಡುವ ತಪ್ಪು ಹಿಡಿಯಲು ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಸ್ಟಾಕ್‌ಫಿಶ್ ಮತ್ತು ನಿಮ್ಮ ಪ್ರೋಗ್ರಾಂ ಎರಡರ ಪಟ್ಟಿಯನ್ನೂ ಸಾರ್ಟ್ ಮಾಡಿ ಹೋಲಿಸಿ, ಲೆಕ್ಕ ಬೇರೆಯಾದ ನಡೆಯನ್ನು ಆಡಿ, ಒಂದು ಆಳ ಕಡಿಮೆ ಮಾಡಿ ಮತ್ತೆ ಓಡಿಸಿ. ಹೀಗೇ ಇಳಿಯುತ್ತ ಹೋದರೆ ತಪ್ಪಿರುವ ಸ್ಥಾನವೇ ಕೈಗೆ ಸಿಗುತ್ತದೆ. ಆದರೆ ಆರಂಭದ ಸ್ಥಾನವೊಂದನ್ನೇ ನೆಚ್ಚಿಕೊಳ್ಳಬೇಡಿ. ಅಲ್ಲಿ ಆಳ 6ರವರೆಗೆ ಒಂದೂ ಕ್ಯಾಸ್ಲಿಂಗ್ (ರಾಜ, ಆನೆ ಒಂದೇ ನಡೆಯಲ್ಲಿ ಸರಿಯುವುದು) ಬರುವುದಿಲ್ಲ. ಕ್ಯಾಸ್ಲಿಂಗ್ ಕೋಡ್ ಪೂರ್ತಿ ಕೆಟ್ಟಿದ್ದರೂ ಮೊತ್ತ ಸರಿಯಾಗಿಯೇ ಇರಬಹುದು! ಕ್ಯಾಸ್ಲಿಂಗ್ ಬರುವ 'ಕಿವಿಪೀಟ್' ಎಂಬ ಪರೀಕ್ಷಾ ಸ್ಥಾನದಲ್ಲಿ ಆಳ 4ಕ್ಕೆ 40,85,603 ಬರುತ್ತದೆಯೇ ನೋಡಿ. ಆಮೇಲೆ ಬಿಳಿ ರಾಜ ಎ5, ಬಿಳಿ ಕಾಲಾಳು ಬಿ5, ಕಪ್ಪು ಆನೆ ಎಚ್5ರಲ್ಲಿರುವ ಪ್ರಸಿದ್ಧ ಪರೀಕ್ಷಾ ಸ್ಥಾನ. ಕಪ್ಪು ಕಾಲಾಳು ಎರಡು ಮನೆ ಹಾರಿ ಸಿ5ಕ್ಕೆ ಬಂದಾಗ, ಅದನ್ನು ಒಂದೇ ಮನೆ ಬಂದಂತೆ ಎಣಿಸಿ ಹೊಡೆದರೆ (ಇದೇ ಆನ್‌ಪಾಸಾಂ) ಐದನೇ ಸಾಲಿನಿಂದ ಎರಡೂ ಕಾಲಾಳುಗಳು ಒಟ್ಟಿಗೇ ಎದ್ದುಹೋಗಿ ರಾಜನಿಗೆ ಚೆಕ್ ಬೀಳುತ್ತದೆ. ಒಂದು ಕಾಯಿ ಸರಿದರೆ ರಾಜನಿಗೆ ಚೆಕ್ ಬೀಳುತ್ತದೆಯೇ ಎಂದು ನೋಡುವ ಮಾಮೂಲಿ ಪಿನ್ ಪರೀಕ್ಷೆಗೆ ಇದು ಸಿಗದು. ಅಲ್ಲಿ ಆಳ 5ಕ್ಕೆ ಉತ್ತರ 6,74,624.

ವೇಗದ ಮಾತಿಗೆ ಬಂದರೆ ಎಚ್ಚರ ಬೇಕು. 'ಗೋ ಪರ್ಫ್ಟ್' ಸಮಯವನ್ನೇ ತೋರಿಸುವುದಿಲ್ಲ, ಇದು ದೊಡ್ಡ ಕೊರತೆ. ಸ್ಥಾನ ಹೊಂದಿಸಿ 'ಬೆಂಚ್ 16 1 6 ಕರೆಂಟ್ ಪರ್ಫ್ಟ್' (bench 16 1 6 current perft; ಇಲ್ಲಿ 6 ಆಳ) ಎಂದು ಕೊಟ್ಟರೆ ಸಮಯವೂ ಸೆಕೆಂಡಿಗೆ ಎಷ್ಟು ಎಣಿಸಿತು ಎಂಬುದೂ ಬರುತ್ತದೆ. ಆ ಸಂಖ್ಯೆ ಕಂಡು ಎದೆಗುಂದಬೇಡಿ. ಕೊನೆಯ ಹಂತದ ನಡೆಗಳನ್ನು ಸ್ಟಾಕ್‌ಫಿಶ್ ಆಡುವುದೇ ಇಲ್ಲ, ಪಟ್ಟಿಯ ಉದ್ದವನ್ನಷ್ಟೇ ಕೂಡಿಸುತ್ತದೆ. ಆರಂಭದ ಸ್ಥಾನದಿಂದ ಆಳ 5ರ ಮೊತ್ತ 48,65,609, ಅಂದರೆ ಆಳ 6ರದ್ದು ಅದರ ಸುಮಾರು 24 ಪಟ್ಟು. ಪ್ರತಿ ನಡೆಯನ್ನೂ ಆಡಿ ಹಿಂತೆಗೆಯುವ ನಿಮ್ಮ ಪ್ರೋಗ್ರಾಂ ಸುಮಾರು ಅಷ್ಟು ಪಟ್ಟು ನಡೆಗಳನ್ನು ಆಡುತ್ತಿದೆ. ನೀವೂ ಹಾಗೆಯೇ ಎಣಿಸಿ, ಹ್ಯಾಷ್ ಟೇಬಲ್ (ಹಿಂದಿನ ಲೆಕ್ಕಗಳನ್ನು ನೆನಪಿಟ್ಟುಕೊಳ್ಳುವ ಕೋಷ್ಟಕ) ತೆಗೆದು, ಒಂದೇ ಥ್ರೆಡ್‌ನಲ್ಲಿ ಓಡಿಸಿದ ಮೇಲೆ ಹೋಲಿಸಿ.

ಸ್ಟಾಕ್‌ಫಿಶ್‌ನ ಯಾವ ಬಿಲ್ಡ್ (ಪ್ರೊಸೆಸರ್‌ಗೆ ತಕ್ಕಂತೆ ಕಂಪೈಲ್ ಮಾಡಿದ ರೂಪ) ಆರಿಸುತ್ತೀರಿ ಎಂಬುದೂ ಮುಖ್ಯ. ಬಿಎಂಐ2 ಬಿಲ್ಡ್ ಆನೆ, ಒಂಟೆಗಳ ನಡೆ ಹುಡುಕಲು ಪೆಕ್ಸ್ಟ್ ಎಂಬ ಪ್ರೊಸೆಸರ್ ಸೂಚನೆ ಬಳಸುತ್ತದೆ. ಎಎಂಡಿಯ ಝೆನ್ 1, ಝೆನ್ 2 ಚಿಪ್‌ಗಳಲ್ಲಿ ಆ ಸೂಚನೆ ತೀರಾ ನಿಧಾನ, ಝೆನ್ 3ರಿಂದ ಸರಿಹೋಗಿದೆ. ಹಳೆಯ ರೈಝೆನ್ ಲ್ಯಾಪ್‌ಟಾಪ್ ಇದ್ದರೆ ಪೆಕ್ಸ್ಟ್ ಬಳಸದ ಎವಿಎಕ್ಸ್2 ಬಿಲ್ಡ್ ಹಾಕಿಕೊಳ್ಳಿ.

ಮಳೆಗಾಲದಲ್ಲಿ ವಿದ್ಯುತ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಿದ್ದಾಗ ಪ್ರೊಸೆಸರ್ ವೇಗ ಇಳಿಯುತ್ತದೆ. ಆಗ ಬಂದ ಅಂಕಿಗಳನ್ನು ಬಿಟ್ಟುಬಿಡಿ. ಚಾರ್ಜರ್ ಹಾಕಿಟ್ಟು, ಬ್ರೌಸರ್ ಮುಚ್ಚಿ, ಐದು ಸಲ ಓಡಿಸಿ ನಡುವಿನ ಅಂಕಿಯನ್ನು ಬರೆದುಕೊಳ್ಳಿ.