ಕಾದಂಬರಿಗೆ ಸೈ, ಚರಿತ್ರೆಗೆ ಕೈ ಕೊಟ್ಟ ಇ-ರೀಡರ್

ಇ-ರೀಡರ್ ಬಗ್ಗೆ ಸಿಗುವ ವಿಮರ್ಶೆಗಳಲ್ಲಿ ಹೆಚ್ಚಿನವು ಡಬ್ಬಿ ಒಡೆದ ವಾರದಲ್ಲೇ ಬರೆದವು. ಪರದೆ ಎಷ್ಟು ಚೂಪು, ಒಳಗೆ ಎಷ್ಟು ಪುಸ್ತಕ ಹಿಡಿಯುತ್ತದೆ, ನೀರಿಗೆ ಬಿದ್ದರೆ ಬದುಕುತ್ತದಾ, ಇದೆಲ್ಲ ನೀವು ಆಗಲೇ ಓದಿರುತ್ತೀರಿ. ನಾನು ಅದರ ತಂಟೆಗೆ ಹೋಗುವುದಿಲ್ಲ. ನನ್ನದು ಆರು ಇಂಚಿನ ಸಾದಾ ಕಪ್ಪು-ಬಿಳುಪು ಇ-ಇಂಕ್ ಯಂತ್ರ, ಅಂದರೆ ಕಾಗದದಂತೆ ಕಾಣುವ ಪರದೆಯದ್ದು. ಕೆಲವು ವರ್ಷಗಳಿಂದ ದಿನವೂ ಕೈಯಲ್ಲಿದೆ. ಹೆಬ್ಬೆರಳು ಕೂರುವ ಜಾಗದಲ್ಲಿ ಅಂಚು ಸವೆದು ಹೊಳೆಯುತ್ತಿದೆ. ನಾನು ಓದುವುದು ಕಾದಂಬರಿ, ಚರಿತ್ರೆ, ಮತ್ತೆ ಹವ್ಯಾಸದ ಪುಸ್ತಕಗಳು, ಅಂದರೆ ಚೆಸ್, ಒರಿಗಾಮಿ (ಕಾಗದ ಮಡಿಸಿ ಆಕಾರ ಮಾಡುವುದು), ಹಕ್ಕಿ ನೋಡುವುದು. ಒಂದೇ ಯಂತ್ರ ಈ ಮೂರನ್ನೂ ಮೂರು ಥರ ನಡೆಸಿಕೊಳ್ಳುತ್ತದೆ.

ಕಾದಂಬರಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅಲ್ಲಿ ಜಗಳವೇ ಇಲ್ಲ.

ನಾನು ಕಾದಂಬರಿ ಓದುವುದು ರಾತ್ರಿ, ಪಕ್ಕಕ್ಕೆ ತಿರುಗಿ ಮಲಗಿಕೊಂಡು. ಹಾಗೆ ಓದುವವರಿಗೆಲ್ಲ ಗೊತ್ತಿರುವ ಕಷ್ಟ ಒಂದಿದೆ. ಕಾಗದದ ಪುಸ್ತಕದಲ್ಲಿ ಒಂದು ಪುಟ ಸಲೀಸು, ಅದರ ಎದುರಿನ ಪುಟಕ್ಕೆ ಪುಸ್ತಕವನ್ನು ಎತ್ತಿ ಹಿಡಿಯಬೇಕು. ತೋಳು ನೋಯುತ್ತದೆ, ಮಗ್ಗುಲು ಬದಲಿಸುತ್ತೀರಿ, ಆಗ ಇನ್ನೊಂದು ಪುಟದ ಸರದಿ. ಇ-ರೀಡರ್‌ನಲ್ಲಿ ಎದುರಿನ ಪುಟ ಅಂತ ಒಂದಿಲ್ಲವೇ ಇಲ್ಲ. ದಿಂಬಿಗೆ ಒರಗಿಸಿ ಇಟ್ಟರೆ ಆಯಿತು, ಹೆಬ್ಬೆರಳು ಒಂದೇ ಕೆಲಸ ಮಾಡುತ್ತದೆ. ಪರದೆ ತಾನಾಗಿ ತಿರುಗುವ ಸೆಟ್ಟಿಂಗ್ ಇದ್ದರೆ ಮೊದಲು ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ನೀವು ಮಲಗಿದ ಕೂಡಲೇ ಪುಟವೂ ಮಲಗುತ್ತದೆ.

ಕಣ್ಣು ದಣಿದಂತೆ ಅಕ್ಷರವನ್ನು ಒಂದೊಂದೇ ಹಂತ ದೊಡ್ಡದು ಮಾಡುವುದು ನನ್ನ ಅಭ್ಯಾಸ. ಹಾಸಿಗೆಗೆ ಬಂದಾಗ ಸಣ್ಣ ಅಕ್ಷರ, ಸಾಲು ತುಂಬ ಪದ. ಆಮೇಲೆ ಒಂದು ಹಂತ ಮೇಲೆ. ಸಾಲಿಗೆ ನಾಲ್ಕೇ ಪದ ಬರುವಷ್ಟು ದೊಡ್ಡದಾಯಿತು ಅಂದರೆ ಮಲಗುವ ಹೊತ್ತಾಯಿತು ಅಂತ ಲೆಕ್ಕ. ಗಡಿಯಾರ ನೋಡುವ ಅಗತ್ಯವೇ ಬೀಳುವುದಿಲ್ಲ.

ಕಾದಂಬರಿಯಲ್ಲಿ ಹುಡುಕುವ ಸೌಲಭ್ಯ ಇಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಯಾವ ವಿಮರ್ಶೆಯೂ ಹೇಳಿರಲಿಲ್ಲ. ರಷ್ಯನ್ ಕಾದಂಬರಿಗಳ ಹೆಸರಿನ ಗೋಳು ಗೊತ್ತಲ್ವಾ? ದ್ಮಿತ್ರಿ ಅಂತ ಪರಿಚಯವಾದವನು ಮುಂದಿನ ಅಧ್ಯಾಯದಲ್ಲಿ ಮಿತ್ಯಾ ಆಗಿರುತ್ತಾನೆ. ಅಲೆಕ್ಸಾಂಡರ್ ಸಾಷಾ ಆಗುತ್ತಾನೆ. ಇವರೆಲ್ಲರಿಗೂ ಅಪ್ಪನ ಹೆಸರು ಬೇರೆ ಅಂಟಿರುತ್ತದೆ. ಹೆಸರಿನ ಮೇಲೆ ಬೆರಳು ಒತ್ತಿ ಹಿಡಿದು ಹುಡುಕು ಅಂದರೆ, ಆತ ಮೊದಲು ಬಾಗಿಲಲ್ಲಿ ಕಾಣಿಸಿಕೊಂಡ ಸಾಲು ಎದುರಿಗೆ ಬರುತ್ತದೆ. ಓಹೋ ಇವನಾ, ಅಂತ ಮುಂದಕ್ಕೆ. ಹಿಂದೆಲ್ಲ ಇಂಥ ಕಾದಂಬರಿಗಳನ್ನು ನಡುವೆಯೇ ಬಿಟ್ಟುಬಿಡುತ್ತಿದ್ದೆ. ಈಗ ಮುಗಿಸುತ್ತೇನೆ.

ಒಂದೇ ಒಂದು ಕಿರಿಕಿರಿ. ಶೇಕಡಾ 91 ಅಂತ ತೋರಿಸುತ್ತಿರುತ್ತದೆ, ಇನ್ನೂ ಒಂದು ಅಧ್ಯಾಯ ಇದೆ ಅಂತ ನೀವು ಆರಾಮಾಗಿರುತ್ತೀರಿ, ಪುಟ ತಿರುಗಿಸಿದರೆ ಕಥೆ ಮುಗಿದಿರುತ್ತದೆ. ಉಳಿದ ಒಂಬತ್ತು ಭಾಗ ಲೇಖಕರ ಮಾತು, ಕೃತಜ್ಞತೆ, ಮುಂದಿನ ಪುಸ್ತಕದ ತುಣುಕು. ಬಲಗೈಗೆ ಸಿಗುವ ಪುಟಗಳ ದಪ್ಪ ಎಷ್ಟು ನಿಖರವಾಗಿ ಮನಸ್ಸನ್ನು ಕೊನೆಗೆ ಸಿದ್ಧ ಮಾಡುತ್ತದೆ ಅನ್ನುವುದು ಅದು ಇಲ್ಲದಾಗಲೇ ಗೊತ್ತಾಗುವುದು. ಆದರೂ ಕಾದಂಬರಿಗೆ ನನ್ನಿಂದ ಐದು ಸ್ಟಾರ್.

ಈಗ ಚರಿತ್ರೆ. ಇಲ್ಲಿಂದ ಮುಂದೆ ನನ್ನ ದನಿ ಸ್ವಲ್ಪ ಏರಬಹುದು.

ನೆಪೋಲಿಯನ್ 1812ರಲ್ಲಿ ರಷ್ಯಾ ಮೇಲೆ ದಂಡೆತ್ತಿ ಹೋದ ಕಥೆ ಓದುತ್ತಿದ್ದೆ. ಅದರ ಜೊತೆ ಬರಲೇಬೇಕಾದ ನಕ್ಷೆ ಒಂದಿದೆ. ಷಾರ್ಲ್ ಮಿನಾರ್ ಎಂಬ ಫ್ರೆಂಚ್ ಎಂಜಿನಿಯರ್ 1869ರಲ್ಲಿ ಬರೆದದ್ದು. ಸೈನ್ಯ ಹೋಗುವ ದಾರಿ ಒಂದು ಅಗಲವಾದ ಪಟ್ಟಿ, ವಾಪಸ್ ಬರುವ ದಾರಿ ಒಂದು ಕಪ್ಪು ಪಟ್ಟಿ. ಪಟ್ಟಿಯ ಅಗಲವೇ ಸೈನಿಕರ ಲೆಕ್ಕ: ಹತ್ತು ಸಾವಿರ ಜನಕ್ಕೆ ಒಂದು ಮಿಲಿಮೀಟರ್. ಗಡಿ ದಾಟುವಾಗ 4,22,000 ಜನ. ಮಾಸ್ಕೋ ತಲುಪುವಾಗ 1,00,000. ವಾಪಸಾಗುವಾಗ ಬೆರೆಜಿನಾ ನದಿಯ ಈಚೆ 50,000 ಇದ್ದದ್ದು ಆಚೆ ದಡಕ್ಕೆ 28,000. ಕೊನೆಗೆ ಹೊರಟ ಜಾಗಕ್ಕೆ ಬಂದು ಮುಟ್ಟಿದವರು 10,000. ಕೆಳಗೆ ವಾಪಸ್ ದಾರಿಯ ಚಳಿಯ ಗೆರೆ. ಅಧ್ಯಾಯಗಟ್ಟಲೆ ಬರೆದರೂ ಮೂಡದ ಭಯ ಈ ಒಂದು ಚಿತ್ರದಲ್ಲಿ ಮೂಡುತ್ತದೆ.

ನನ್ನ ಪರದೆ ಅಡ್ಡಕ್ಕೆ ಹೆಚ್ಚೂ ಕಡಿಮೆ ಒಂಬತ್ತು ಸೆಂಟಿಮೀಟರ್. ನಕ್ಷೆ ಅಡ್ಡಕ್ಕೆ ಉದ್ದವಾಗಿರುವಂಥದ್ದು. ಅದನ್ನು ಈ ಅಗಲಕ್ಕೆ ಹೊಂದಿಸಿದಾಗ ಊರಿನ ಹೆಸರುಗಳು ಇರುವೆ ಸಾಲಾದವು. ಆ ಕೊನೆಯ ಒಂದು ಮಿಲಿಮೀಟರ್, ಅಂದರೆ ಬದುಕಿ ಬಂದ ಹತ್ತು ಸಾವಿರ ಜನ, ಪರದೆಯ ಮೇಲೆ ಇದ್ದಾರೋ ಇಲ್ಲವೋ ಅಂತ ಕಣ್ಣು ಕಿರಿದು ಮಾಡಿ ನೋಡಬೇಕಾಯಿತು. ಎರಡು ಬೆರಳಲ್ಲಿ ಹಿಗ್ಗಿಸಿದೆ. ಪರದೆ ಒಮ್ಮೆ ಕಪ್ಪಾಗಿ ಮಿನುಗಿ, ಆ ಜಾಗವನ್ನೇ ದೊಡ್ಡದಾಗಿ ತೋರಿಸಿತು. ಆದರೆ ಬರೀ ಮಸುಕು. ಇ-ಪುಸ್ತಕ ತಯಾರು ಮಾಡಿದವರು ಚಿತ್ರವನ್ನು ಮೊದಲೇ ಕುಗ್ಗಿಸಿ ಒಳಗೆ ತುರುಕಿದ್ದರು. ಇಲ್ಲದ ಅಕ್ಷರವನ್ನು ಯಾವ ಯಂತ್ರವೂ ಹಿಗ್ಗಿಸಲಾರದು. ತಪ್ಪು ಯಂತ್ರದ್ದೋ ಪ್ರಕಾಶಕರದ್ದೋ ಅಂತ ವಾದ ಮಾಡಬಹುದು. ಓದುವವರಿಗೆ ಎರಡೂ ಒಂದೇ.

ಅಡಿಟಿಪ್ಪಣಿ ಇನ್ನೊಂದು ಕಥೆ. ಮಾಸ್ಕೋ ಹತ್ತಿರದ ಬೊರೊದಿನೊ ಕದನ ನಡೆದದ್ದು ಸೆಪ್ಟೆಂಬರ್ 7ಕ್ಕೆ ಅಂತ ಒಂದು ಕಡೆ, ಆಗಸ್ಟ್ 26ಕ್ಕೆ ಅಂತ ಇನ್ನೊಂದು ಕಡೆ. ಎರಡೂ ಸರಿ. ರಷ್ಯಾದಲ್ಲಿ ಆಗ ಹಳೆಯ ಜೂಲಿಯನ್ ಪಂಚಾಂಗ ನಡೆಯುತ್ತಿತ್ತು, ಅದು ಹನ್ನೆರಡು ದಿನ ಹಿಂದೆ. ಇಂಥ ವಿಷಯ ಇರುವುದೇ ಅಡಿಟಿಪ್ಪಣಿಯಲ್ಲಿ. ಅದಕ್ಕೆ ಹೋಗಬೇಕೆಂದರೆ ಸಾಲಿನ ತಲೆಯ ಮೇಲೆ ಕೂತಿರುವ ಪುಟಾಣಿ ಅಂಕಿಯನ್ನು ಮುಟ್ಟಬೇಕು. ಅಂಕಿ ಪುಟದ ಅಂಚಿನಲ್ಲಿದ್ದರೆ ಮುಗಿಯಿತು. ಬೆರಳು ಕೂದಲೆಳೆಯಷ್ಟು ಸರಿದರೂ ಟಿಪ್ಪಣಿ ಬಿಟ್ಟು ಮುಂದಿನ ಪುಟ ಬರುತ್ತದೆ. ಹಿಂದಕ್ಕೆ ಬನ್ನಿ, ಮತ್ತೆ ಒತ್ತಿ. ಕೆಲವು ಪುಸ್ತಕಗಳಲ್ಲಿ ಟಿಪ್ಪಣಿ ಅಲ್ಲೇ ಪುಟ್ಟ ಕಿಟಕಿಯಾಗಿ ತೆರೆಯುತ್ತದೆ, ಅದು ಸುಖ. ಇನ್ನು ಕೆಲವು ಸೀದಾ ಪುಸ್ತಕದ ಕೊನೆಗೆ ಎಸೆಯುತ್ತವೆ. ಯಾವುದು ಹೇಗೆ ಅಂತ ಕೊಳ್ಳುವ ಮುಂಚೆ ಯಾರೂ ಹೇಳುವುದಿಲ್ಲ.

ಚರಿತ್ರೆ ಪುಸ್ತಕವನ್ನು ನಾವು ಹೇಗೆ ಓದುತ್ತೇವೆ ಅಂತ ಸ್ವಲ್ಪ ಗಮನಿಸಿ. ತೋರುಬೆರಳು ನಕ್ಷೆಯ ಪುಟದಲ್ಲಿ, ಕಿರುಬೆರಳು ಟಿಪ್ಪಣಿಯಲ್ಲಿ, ಕಣ್ಣು ಅಧ್ಯಾಯದಲ್ಲಿ. ವಂಶವೃಕ್ಷ ಇದ್ದರೆ ಅಲ್ಲೊಂದು ಚೀಟಿ. ಕಾದಂಬರಿ ಮುಂದಕ್ಕೆ ಓಡುತ್ತದೆ. ಚರಿತ್ರೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಲೇ ಇರುತ್ತದೆ. ಈ ಯಂತ್ರವನ್ನು ಮಾಡಿದವರು ಮುಂದಕ್ಕೆ ಓದುವವರನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ.

ನನಗೆ ತೀರಾ ಬೇಜಾರು ತಂದದ್ದು ಪದಸೂಚಿ. ಎಷ್ಟೋ ಇ-ಪುಸ್ತಕಗಳಲ್ಲಿ ಅದನ್ನು ಕಿತ್ತೇ ಹಾಕಿರುತ್ತಾರೆ, ಇಲ್ಲವೇ ಕಾಗದದ ಆವೃತ್ತಿಯ ಪುಟಸಂಖ್ಯೆಗಳನ್ನು ಹಾಗೇ ಬಿಟ್ಟಿರುತ್ತಾರೆ, ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ. ಹುಡುಕುವ ಸೌಲಭ್ಯ ಇದೆಯಲ್ಲ, ಪದಸೂಚಿ ಯಾಕೆ ಅಂತ ಕೇಳುವವರಿದ್ದಾರೆ. ಮಿತ್ಯಾನನ್ನು ಹುಡುಕಿದಂತೆ ಇಲ್ಲಿ ಆಗುವುದಿಲ್ಲ. ಹಿಮದಲ್ಲಿ ಫ್ರೆಂಚರ ಕುದುರೆಗಳು ಯಾಕೆ ಅಷ್ಟೊಂದು ಬಿದ್ದವು ಅಂತ ನನಗೆ ಮತ್ತೆ ನೋಡಬೇಕಿತ್ತು. ಕುದುರೆ ಅಂತ ಹುಡುಕಿದರೆ ಪುಸ್ತಕದ ತುಂಬ ಕುದುರೆಗಳೇ. ಅಧಿಕಾರಿ ಏರಿದ ಕುದುರೆ, ಗಾಡಿ ಎಳೆದ ಕುದುರೆ, ಗಾದೆ ಮಾತಿನ ಕುದುರೆ. ಕಾಗದದ ಪ್ರತಿಯ ಪದಸೂಚಿಯಲ್ಲಿ 'ಕುದುರೆಗಳು' ಅಂತ ಒಂದು ಸಾಲು, ಅದರ ಕೆಳಗೆ 'ಮೇವಿನ ಕೊರತೆ', 'ಮಂಜಿಗೆ ತಕ್ಕ ಲಾಳ ಇಲ್ಲದ್ದು'. ತಮಾಷೆ ಏನೆಂದರೆ, ಲಾಳದ ವಿಷಯ ಬರುವ ಪುಟದಲ್ಲಿ ಕುದುರೆ ಎಂಬ ಪದವೇ ಇಲ್ಲ, ಬರೀ 'ಪ್ರಾಣಿಗಳು ಜಾರಿದವು' ಅಂತ ಇದೆ. ಯಂತ್ರಕ್ಕೆ ಪದ ಗೊತ್ತು. ಪದಸೂಚಿ ಮಾಡಿದ ಪುಣ್ಯಾತ್ಮರಿಗೆ ನಾನು ಏನು ಕೇಳಬಹುದು ಅನ್ನುವುದೂ ಗೊತ್ತಿತ್ತು.

ಹಳೆಯ ಚರಿತ್ರೆ ಪುಸ್ತಕಗಳ ಸ್ಕ್ಯಾನ್ ಪ್ರತಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಿಡಿಎಫ್ ಆರು ಇಂಚಿನಲ್ಲಿ ಓದಲು ಆಗುವುದಿಲ್ಲ, ಅಷ್ಟೇ. ಸ್ಕ್ಯಾನಿನಿಂದ ಕಂಪ್ಯೂಟರೇ ಅಕ್ಷರ ಗುರುತಿಸಿ ಪಠ್ಯ ಮಾಡಿದ್ದಾದರೆ ಇಸವಿಯ ಒಂದಂಕಿ ಇಂಗ್ಲಿಷಿನ ಎಲ್ ಅಕ್ಷರವಾಗಿರುತ್ತದೆ, ಹುಡುಕಿದರೂ ಸಿಗುವುದಿಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಥರದ ಕಡೆ ಸ್ವಯಂಸೇವಕರು ಕೂತು ತಿದ್ದಿದ ಪ್ರತಿ ಸಿಕ್ಕಿದರೆ ಮಾತು ಬೇರೆ. 1971ರಿಂದ ನಡೆದುಬಂದ ಕೆಲಸ ಅದು, ಪುಕ್ಕಟೆ ಬೇರೆ.

ದುಡ್ಡಿನ ವಿಷಯವೂ ಇದೆ. ಪುಸ್ತಕಕ್ಕೆ ಅಂತ ನಾನು ಎತ್ತಿಡುವ ಹಣ ಜಾಸ್ತಿ ಏನಲ್ಲ. ಕಾದಂಬರಿಯ ಇ-ಪ್ರತಿ ಅಗ್ಗ, ಓದಿ ಮುಗಿಸಿದರೆ ನನಗೆ ಅದರಿಂದ ಇನ್ನೇನೂ ಆಗಬೇಕಿಲ್ಲ. ಚರಿತ್ರೆ ಪುಸ್ತಕದ ಇ-ಪ್ರತಿ ಎಷ್ಟೋ ಸಲ ಕಾಗದದ ಬೆಲೆಗೆ ಹತ್ತಿರವೇ ಇರುತ್ತದೆ. ಅದನ್ನು ಇನ್ನೊಬ್ಬರಿಗೆ ಕೊಡಲೂ ಆಗದು, ಮಾರಲೂ ಆಗದು. ಅಷ್ಟು ಕೊಟ್ಟು ಮಸುಕಾದ ನಕ್ಷೆ ಯಾರಿಗೆ ಬೇಕು? ಎರಡು ಸ್ಟಾರ್. ಆ ಎರಡೂ ಬೇಕಾದ ಸಾಲುಗಳ ಕೆಳಗೆ ಗೆರೆ ಎಳೆದರೆ ಎಲ್ಲ ಒಂದೇ ಕಡೆ ಸೇರುತ್ತವೆ ಎಂಬ ಕಾರಣಕ್ಕೆ.

ಇಷ್ಟು ಬೈದ ಮೇಲೆ ಚೆಸ್ ವಿಷಯಕ್ಕೆ ಬಂದರೆ ಮುಖ ಸ್ವಲ್ಪ ಸಡಿಲವಾಗುತ್ತದೆ.

ಚೆಸ್ ಪುಸ್ತಕ ಮುಂದಿಟ್ಟುಕೊಂಡು ಆಟ ನಡೆಸಿ ನೋಡಿದವರಿಗೆ ಗೊತ್ತು, ದಪ್ಪ ಪುಸ್ತಕ ಬಿಚ್ಚಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಒಂದು ಕೈ ಪುಟ ಹಿಡಿಯಲು, ಇನ್ನೊಂದು ಕೈ ಕುದುರೆ ನಡೆಸಲು. ಭಾರ ಇಟ್ಟರೆ ಅದೇ ಚಿತ್ರದ ಮೇಲೆ ಕೂರುತ್ತದೆ. ಇ-ರೀಡರ್ ಬೋರ್ಡಿನ ಪಕ್ಕ ಸುಮ್ನೆ ಮಲಗಿರುತ್ತದೆ. ಚೆಸ್ ಚಿತ್ರ ಹುಟ್ಟಿದ್ದೇ ಕಪ್ಪು-ಬಿಳುಪಿನಲ್ಲಿ, ಹಾಗಾಗಿ ಪರದೆಯ ಮೇಲೆ ಗೆರೆ ಗೆರೆ ಸ್ಪಷ್ಟ. ಒಗಟಿನ ಪುಸ್ತಕವಾದರೆ ಇನ್ನೂ ಚೆಂದ. ಕಾಗದದಲ್ಲಿ ಉತ್ತರ ನೋಡಲು ಕೊನೆಗೆ ಹೋದರೆ ಮುಂದಿನ ಮೂರು ಒಗಟಿನ ಉತ್ತರವೂ ಕಣ್ಣಿಗೆ ಬೀಳುತ್ತದೆ. ಇಲ್ಲಿ ಕೊಂಡಿ ಒತ್ತಿದರೆ ಆ ಒಂದೇ ಉತ್ತರ ಬರುವಂತೆ ಚೆನ್ನಾಗಿ ಮಾಡಿದ ಪುಸ್ತಕಗಳಿವೆ. ಮಂತ್ರಿಯನ್ನು ಬಲಿ ಕೊಡುವ ನಡೆ ನನಗೇ ಹೊಳೆಯಿತು ಅಂತ ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಒಂದು ತಲೆಹರಟೆ ಮಾತ್ರ ಇದೆ. ಇ-ಇಂಕ್ ಪರದೆಗೆ ಚಿತ್ರ ಬದಲಿಸಲು ಮಾತ್ರ ಕರೆಂಟು ಬೇಕು, ನಿಂತ ಚಿತ್ರ ಹಾಗೇ ನಿಲ್ಲುತ್ತದೆ. ಒಳಗಿನ ಕಪ್ಪು-ಬಿಳಿ ಕಣಗಳು ಒಮ್ಮೆ ಸರಿದು ಕೂತರೆ ಮುಗಿಯಿತು. ಆದರೂ ನಾನು ಗಲ್ಲಕ್ಕೆ ಕೈ ಕೊಟ್ಟು ಯೋಚಿಸುತ್ತಾ ಕೂತಾಗ ಯಂತ್ರ ನಿದ್ದೆಗೆ ಜಾರಿ, ನನ್ನ ಒಗಟನ್ನು ಅಳಿಸಿ, ತನ್ನ ಪೆನ್ಸಿಲ್ ಚಿತ್ರ ತೋರಿಸುತ್ತದೆ. ಈ ನಿದ್ದೆಯ ಹೊತ್ತು ಬದಲಿಸುವ ಆಯ್ಕೆ ನನ್ನ ಯಂತ್ರದಲ್ಲಿ ಇಲ್ಲ.

ಒರಿಗಾಮಿಗೆ ಮಿಶ್ರ ಫಲ. ಜಪಾನಿನ ಅಕಿರಾ ಯೋಶಿಝಾವಾ ರೂಪಿಸಿದ ಗುರುತುಗಳಲ್ಲಿ ಒಳಮಡಿಕೆಗೆ ತುಂಡು ಗೆರೆ, ಹೊರಮಡಿಕೆಗೆ ಗೆರೆಯ ನಡುವೆ ಚುಕ್ಕೆ. ಭಾಷೆ ಯಾವುದಿದ್ದರೂ ಅರ್ಥ ಒಂದೇ. ದೊಡ್ಡ ಚಿತ್ರವಾದರೆ ಎರಡೂ ಗೊತ್ತಾಗುತ್ತವೆ. ಒಂದು ಪುಟಕ್ಕೆ ಹನ್ನೆರಡು ಹೆಜ್ಜೆ ತುಂಬಿದ್ದರೆ ಚುಕ್ಕೆ ಮಾಯ, ಕೊಕ್ಕರೆಯ ಕೊಕ್ಕು ಬಾಲದ ಕಡೆ ಬರುತ್ತದೆ. ಹೊಲಿಗೆ, ಮರಗೆಲಸ ಮಾಡುವವರಿಗೂ ಒಂದು ಮಾತು: 'ನಿಜವಾದ ಅಳತೆ' ಅಂತ ಬರೆದ ಮಾದರಿ ಚಿತ್ರವನ್ನು ಈ ಪರದೆಯಿಂದ ಅಳೆಯಬೇಡಿ. ಪರದೆಗೆ ಹೊಂದುವಂತೆ ಅದು ಕುಗ್ಗಿರುತ್ತದೆ.

ಹಕ್ಕಿಗಳ ಬಗ್ಗೆ ಕೇಳಲೇಬೇಡಿ. ಹದಿನಾರು ಬಗೆಯ ಬೂದು ಬಣ್ಣದಲ್ಲಿ ಮಿಂಚುಳ್ಳಿ ನೋಡಿ ಏನು ಮಾಡುವುದು?

ಹಾಗಾದರೆ ಬಣ್ಣದ ಇ-ಇಂಕ್ ಕೊಳ್ಳಬಹುದಲ್ಲ ಅಂತ ಗೆಳೆಯರು ಹೇಳುತ್ತಾರೆ. ಅಂಗಡಿಯಲ್ಲಿ ಹಿಡಿದು ನೋಡಿದೆ. ಈಗ ಸಿಗುವ ಹೆಚ್ಚಿನವುಗಳಲ್ಲಿ ಕಪ್ಪು ಅಕ್ಷರ ಇಂಚಿಗೆ 300 ಚುಕ್ಕೆ, ಬಣ್ಣಕ್ಕೆ ಬಂದರೆ ಅದರ ಅರ್ಧ. ಮಿಂಚುಳ್ಳಿ ನೀಲಿ ಅಂತ ಗೊತ್ತಾಯಿತು, ಬಿಸಿಲಿಗೆ ಬಿಟ್ಟ ಪೋಸ್ಟರಿನ ನೀಲಿ. ನಕ್ಷೆಯ ತೊಂದರೆ ಬಣ್ಣದ್ದಲ್ಲ, ಜಾಗದ್ದು. ಅದಕ್ಕೆ ಹತ್ತು ಇಂಚಿನ ಯಂತ್ರ ಬೇಕು, ಅದನ್ನು ಮಲಗಿಕೊಂಡು ಒಂದೇ ಕೈಯಲ್ಲಿ ಹಿಡಿಯಲು ಆಗುವುದಿಲ್ಲ. ಅದರ ಬೆಲೆಗೆ ನಾನು ಒಂದು ಸಾಲು ಚರಿತ್ರೆ ಪುಸ್ತಕಗಳನ್ನು ಕಾಗದದಲ್ಲೇ, ಪದಸೂಚಿ ಸಮೇತ, ಸೆಕೆಂಡ್ ಹ್ಯಾಂಡ್ ಆಗಿ ತರಬಹುದು. ತರುತ್ತಿದ್ದೇನೆ ಕೂಡ.

ನೀವು ಚರಿತ್ರೆಯನ್ನೂ ಪರದೆಯಲ್ಲೇ ಓದುವವರಾದರೆ, ಕೊಳ್ಳುವ ಮುಂಚೆ ಪುಕ್ಕಟೆ ಸ್ಯಾಂಪಲ್ ಇಳಿಸಿಕೊಳ್ಳಿ. ನಕ್ಷೆಗಳು ಸಾಮಾನ್ಯವಾಗಿ ಪುಸ್ತಕದ ಮುಂಭಾಗದಲ್ಲೇ ಇರುತ್ತವೆ, ಹಾಗಾಗಿ ಸ್ಯಾಂಪಲ್‌ನಲ್ಲೂ ಸಿಗುತ್ತವೆ. ಒಂದನ್ನು ಹಿಗ್ಗಿಸಿ ಊರಿನ ಹೆಸರು ಓದಿ ನೋಡಿ, ಒಂದು ಟಿಪ್ಪಣಿಯ ಅಂಕಿ ಒತ್ತಿ ನೋಡಿ, ಪರಿವಿಡಿಯ ಕೊನೆಯಲ್ಲಿ ಪದಸೂಚಿ ಅಂತ ಇದೆಯಾ ನೋಡಿ. ಮೂರೂ ಸರಿಯಿದ್ದರೆ ಆ ಪುಸ್ತಕದ ಹೆಸರನ್ನು ಕಾಮೆಂಟಿನಲ್ಲಿ ತಿಳಿಸಿ, ನಾನೂ ಕೊಳ್ಳುತ್ತೇನೆ.