ಲ್ವಿವ್: ಒಂದೇ ಚರ್ಚ್ ನೋಡುವುದಾದರೆ ಯಾವುದು?

ಪಶ್ಚಿಮ ಉಕ್ರೇನಿನ ಲ್ವಿವ್ ನಗರದಲ್ಲಿ ರೋಮನ್ ಕ್ಯಾಥೊಲಿಕರು, ಗ್ರೀಕ್ ಕ್ಯಾಥೊಲಿಕರು (ಪೋಪರನ್ನು ಒಪ್ಪಿಯೂ ಪೂರ್ವದ ಕ್ರೈಸ್ತರ ವಿಧಿಗಳನ್ನು ಪಾಲಿಸುವವರು), ಅರ್ಮೇನಿಯನ್ನರು ಮೂವರೂ ತಮ್ಮ ತಮ್ಮ ಪ್ರಧಾನ ಚರ್ಚ್ ಕಟ್ಟಿಕೊಂಡಿದ್ದಾರೆ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಯುದ್ಧಕ್ಕೆ ಮುಂಚೆ ನಾನು ಅಲ್ಲಿದ್ದಾಗ ಮೂರರಲ್ಲೂ ಸಾಕಷ್ಟು ಹೊತ್ತು ಕಳೆದೆ. ಸಮಯ ಕಡಿಮೆಯಿದ್ದರೆ ಅರ್ಮೇನಿಯನ್ ಚರ್ಚಿಗೇ ಹೋಗಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಹೊರನೋಟದಲ್ಲಿ ಗ್ರೀಕ್ ಕ್ಯಾಥೊಲಿಕರ ಸೇಂಟ್ ಜಾರ್ಜ್ ಚರ್ಚನ್ನು ಮೀರಿಸುವುದು ಕಷ್ಟ. ದಿಬ್ಬದ ಮೇಲೆ ಹದಿನೆಂಟನೇ ಶತಮಾನದಲ್ಲಿ ಕಟ್ಟಿದ, ಬರೋಕ್ ಎಂಬ ಅಲಂಕಾರ ತುಂಬಿದ ಶೈಲಿಯ ಕಟ್ಟಡ ಅದು. ನೆತ್ತಿಯ ಮೇಲೆ ಕುದುರೆಯೇರಿದ ಸಂತ ಘಟಸರ್ಪವನ್ನು ಇರಿಯುತ್ತಿದ್ದಾನೆ. ಕೆತ್ತಿದವನು ಪಿನ್ಸೆಲ್, ಅವನ ಶಿಲ್ಪಗಳಿಗೆಂದೇ ನಗರದಲ್ಲಿ ಒಂದು ವಸ್ತುಸಂಗ್ರಹಾಲಯವಿದೆ. ಆದರೆ ಒಳಗೆ ಹೋದ ಮೇಲೆ ಆ ಆವೇಶ ನನಗೆ ಸಿಗಲಿಲ್ಲ. ಬೆಳಕು, ಬಿಳುಪು, ಚಿನ್ನದ ಬಣ್ಣ ಎಲ್ಲ ಇದ್ದರೂ ಕಣ್ಣು ಎಲ್ಲಿಯೂ ನಿಲ್ಲಲಿಲ್ಲ.

ರೋಮನ್ ಕ್ಯಾಥೊಲಿಕರ ಲ್ಯಾಟಿನ್ ಚರ್ಚ್ ಎತ್ತರದ, ಚೂಪು ಕಮಾನುಗಳ ಗಾಥಿಕ್ ಶೈಲಿಯ ಕಟ್ಟಡ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಪಕ್ಕದ ಪುಟ್ಟ ಬೋಯಿಮ್ ಪ್ರಾರ್ಥನಾ ಮಂದಿರ. ಒಂದು ವರ್ತಕ ಕುಟುಂಬ ಹದಿನೇಳನೇ ಶತಮಾನದ ಆರಂಭದಲ್ಲಿ ತನ್ನವರ ಸಮಾಧಿಗಾಗಿ ಕಟ್ಟಿಸಿದ್ದು. ಮುಂಭಾಗದ ಕಪ್ಪುಗಟ್ಟಿದ ಕಲ್ಲಿನಲ್ಲಿ ಕೆತ್ತನೆಯಿಲ್ಲದ ಜಾಗ ಹುಡುಕಬೇಕು.

ಅರ್ಮೇನಿಯನ್ ಚರ್ಚಿನ ಕಟ್ಟಡ ಶುರುವಾದದ್ದು 1363ರಲ್ಲಿ. ಇಕ್ಕಟ್ಟಾದ ಬೀದಿ, ಅಂಗಳಕ್ಕೆ ಹಾಸಿದ ಹಳೆಯ ಸಮಾಧಿಗಲ್ಲುಗಳು, ಆಮೇಲೆ ಮಬ್ಬುಗತ್ತಲು. ಕಣ್ಣು ಹೊಂದಿಕೊಂಡಂತೆ ಗುಮ್ಮಟದ ಚಿನ್ನದ ಮೊಸಾಯಿಕ್ ಮೂಡುತ್ತದೆ. ಗೋಡೆಗಳ ಮೇಲೆ 1920ರ ದಶಕದಲ್ಲಿ ಪೋಲಿಷ್ ಚಿತ್ರಕಾರ ಯಾನ್ ಹೆನ್ರಿಕ್ ರೋಸೆನ್ ಬರೆದ ಚಿತ್ರಗಳಿವೆ. ಫ್ರಾನ್ಸಿನ ಮಠಾಧಿಪತಿಯಾಗಿದ್ದ ಸಂತ ಓಡಿಲೋನ ಅಂತ್ಯಯಾತ್ರೆಯ ಚಿತ್ರದ ಮುಂದೆ ನಾನು ಬಹಳ ಹೊತ್ತು ನಿಂತೆ. ಸನ್ಯಾಸಿಗಳು ಮೃತದೇಹ ಹೊತ್ತು ನಡೆಯುತ್ತಾರೆ. ಅವರ ಜೊತೆಗೇ, ದೇಹವಿಲ್ಲದ ನೆರಳುಗಳಂತೆ, ಸತ್ತವರ ಆತ್ಮಗಳೂ ನಡೆಯುತ್ತವೆ. ಮತ್ತೆ ಮತ್ತೆ ನೋಡಿದರೂ ತಣಿಯದ ಚಿತ್ರ. ಸೋವಿಯತ್ ಕಾಲದಲ್ಲಿ ಈ ಚರ್ಚ್ ದಶಕಗಟ್ಟಲೆ ಮುಚ್ಚಿತ್ತು, ಉಗ್ರಾಣವಾಗಿತ್ತು. 2022ರಲ್ಲಿ ಇಲ್ಲಿನ ಕ್ರಿಸ್ತನ ಮರದ ಮೂರ್ತಿಯನ್ನು ರಕ್ಷಣೆಗಾಗಿ ಹೊತ್ತೊಯ್ಯುವ ಚಿತ್ರ ಪತ್ರಿಕೆಯಲ್ಲಿ ಕಂಡಾಗ ನನಗೆ ತುಂಬ ಸಂಕಟವಾಯಿತು.

ವಸ್ತುಸಂಗ್ರಹಾಲಯಗಳ ಪೈಕಿ ರೀನೋಕ್ ಎಂಬ ಹಳೆಯ ಮಾರುಕಟ್ಟೆ ಚೌಕದ ಔಷಧಾಲಯಕ್ಕೆ ನನ್ನ ಮತ. 1735ರಷ್ಟು ಹಳೆಯ ಈ ಅಂಗಡಿ ಮುಂದೆ ಇಂದಿಗೂ ಔಷಧಿ ಮಾರುತ್ತದೆ. ಹಿಂದಿನ ಕೋಣೆಗಳಲ್ಲಿ ತಕ್ಕಡಿ, ಭರಣಿ, ಕುಟ್ಟಾಣಿಗಳ ಸಾಲು. ಅದೇ ಚೌಕದ ಕೊರ್ನ್ಯಾಕ್ತ್ ಅರಮನೆಯಲ್ಲಿ ಕೋಣೆಗಳಿಗಿಂತ ಕಮಾನುಗಳ ಒಳಾಂಗಣವೇ ಚೆನ್ನ.

ನಗರವನ್ನು ಮೇಲಿನಿಂದ ನೋಡಲು ಎರಡು ದಾರಿಗಳಿವೆ. ‘ಎತ್ತರದ ಕೋಟೆ’ ಎನ್ನುವ ಗುಡ್ಡದಲ್ಲಿ ಕೋಟೆ ಉಳಿದಿಲ್ಲ, ಮುರಿದ ಗೋಡೆಯ ತುಂಡು ಮಾತ್ರ ಇದೆ. ನಗರವೂ ದೂರ ಸರಿದು ಕಾಣುತ್ತದೆ. ಪುರಭವನದ ಗೋಪುರಕ್ಕೆ ಟಿಕೆಟ್ ಬೇಕು, ನಾನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಮೊಣಕಾಲು ಒಪ್ಪುವುದಾದರೆ ಗೋಪುರವೇ ಸರಿ: ಹಂಚಿನ ಮಾಡುಗಳೂ ಗುಮ್ಮಟಗಳೂ ಕಾಲಡಿಯಲ್ಲೇ ಹರಡಿರುತ್ತವೆ, ಯಾವ ಚರ್ಚ್ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು.