ನ್ಯೂ ಆರ್ಲಿಯನ್ಸ್‌ಗೆ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರೇ, ‘ಹಬ್ಬದೂಟ’ಕ್ಕೆ ಮುಂಗಡ ಕಟ್ಟಬೇಡಿ

ಹ್ಯೂಸ್ಟನ್‌ನಿಂದ ನ್ಯೂ ಆರ್ಲಿಯನ್ಸ್‌ಗೆ ಹೊರಡುವ ಯೋಚನೆಯಲ್ಲಿರುವ ಕನ್ನಡದವರು, ಅದರಲ್ಲೂ ಊರಿನಿಂದ ಅಪ್ಪ-ಅಮ್ಮನನ್ನು ಕರೆಸಿಕೊಂಡಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಮೂರು ವಾರ ಆಯ್ತು. ಸಿಟ್ಟು ಇಳಿದಿಲ್ಲ, ನಾಚಿಕೆಯೂ ಹೋಗಿಲ್ಲ. ನಾನು ಈ ದೇಶಕ್ಕೆ ಬಂದು ಹನ್ನೊಂದು ವರ್ಷ. ಹೋಟೆಲಿನಲ್ಲಿ ಏನು ಕೇಳಬೇಕು, ಹೇಗೆ ಕೇಳಬೇಕು ಅಂತ ಗೊತ್ತಿರುವವನು. ಕೇಳಿದೆ ಕೂಡ. ಮೂರು ಸಲ ಕೇಳಿದೆ. ಆದರೂ ನನ್ನ ಅಮ್ಮನ ತಟ್ಟೆಗೆ ಹಂದಿಮಾಂಸ ಬಂತು.

ಮೊದಲಿಂದ ಹೇಳ್ತೀನಿ.

ಅಮ್ಮ ಜನವರಿಯಲ್ಲಿ ಹಾಸನದಿಂದ ಬಂದರು. ಅಲ್ಲಿ ಅವರ ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷದಿಂದ ಹಾರ್ಮೋನಿಯಂ ನುಡಿಸೋರು ಅವರೇ. ನನ್ನ ಆಫೀಸಿನಲ್ಲಿ ಲೂಯಿಸಿಯಾನಾದ ಲಾಫಯೆಟ್ ಊರಿನವರೊಬ್ಬರಿದ್ದಾರೆ, ಕ್ರಿಯೋಲ್ ಮನೆತನದವರು, ಅಂದರೆ ಆಫ್ರಿಕನ್, ಫ್ರೆಂಚ್ ಬೇರುಗಳು ಬೆರೆತ ಅಲ್ಲಿನ ಜನ. ಅವರ ಕಡೆಯ ಝೈಡೆಕೊ ಅನ್ನೋ ಅಕಾರ್ಡಿಯನ್ ಸಂಗೀತದ ಹುಚ್ಚು ನನಗೆ ಹತ್ತಿಸಿದ್ದೇ ಅವರು. ಝೈಡೆಕೊದ ದೊಡ್ಡ ಹೆಸರು ಕ್ಲಿಫ್ಟನ್ ಶೆನಿಯರ್ ನುಡಿಸಿರುವ ಹಳೇ ವಿಡಿಯೋ ಒಂದನ್ನು ಒಂದು ಸಂಜೆ ಅಮ್ಮನಿಗೆ ತೋರಿಸಿದೆ. ಅಕಾರ್ಡಿಯನ್ ಅಂದರೆ ಹೆಗಲಿಗೆ ನೇತುಹಾಕಿಕೊಂಡ ಹಾರ್ಮೋನಿಯಮ್ಮೇ ತಾನೆ, ಅದೇ ತಿದಿ, ಒಳಗೆ ಅದೇ ರೀಡು. ಅಮ್ಮ ಕಣ್ಣು ಕೀಳಲಿಲ್ಲ. ಪಕ್ಕದಲ್ಲಿ ಶೆನಿಯರ್ ಅವರ ಅಣ್ಣ ಕ್ಲೀವ್‌ಲ್ಯಾಂಡ್, ಸುಕ್ಕುಸುಕ್ಕಾದ ತಗಡನ್ನು ಎದೆ ಮೇಲೆ ಜಾಕೆಟ್ ಥರ ತೊಟ್ಟುಕೊಂಡು, ಅದನ್ನು ಬಾಟಲಿ ಓಪನರಿನಲ್ಲಿ ಕೆರೆದು ಕೆರೆದು ತಾಳ ಹಿಡಿಯುತ್ತಿದ್ದರು. ಆ ತಗಡಿಗೆ ಫ್ರೊಟ್ವಾರ್ ಅಂತ ಹೆಸರು. “ತಗಡು ಕಟ್ಕೊಂಡು ತಾಳ ಹಾಕ್ತಾನಲ್ಲೋ! ಇದನ್ನ ಎದುರಿಗೇ ಒಂದ್ಸಲ ನೋಡ್ಬೇಕು ಕಣೋ” ಅಂದರು ಅಮ್ಮ. ಬಾಯಿಬಿಟ್ಟು ನನಗಿದು ಬೇಕು ಅಂತ ಕೇಳುವ ಹೆಂಗಸೇ ಅಲ್ಲ ಅವರು. ಹಾಗಾಗಿ ಹೇಗಾದರೂ ತೋರಿಸಲೇಬೇಕು ಅಂತ ನಿರ್ಧಾರ ಮಾಡಿಬಿಟ್ಟೆ.

ಕ್ರೈಸ್ತರ ಉಪವಾಸದ ದಿನಗಳು ಶುರುವಾಗುವ ಹಿಂದಿನ ದಿನದ ಮೋಜಿನ ಹಬ್ಬ ಮಾರ್ಡಿ ಗ್ರಾ, ಈ ವರ್ಷ (2025) ಬಿದ್ದಿದ್ದು ಮಾರ್ಚ್ 4ಕ್ಕೆ. ಹಿಂದಿನ ಶನಿವಾರ, ಅಂದರೆ ಮಾರ್ಚ್ 1ಕ್ಕೆ, ನ್ಯೂ ಆರ್ಲಿಯನ್ಸಿನ ಹಳೇ ಪೇಟೆ ಫ್ರೆಂಚ್ ಕ್ವಾರ್ಟರ್‌ನ ಒಂದು ಲೈವ್ ಮ್ಯೂಸಿಕ್ ಬಾರಿನಲ್ಲಿ ‘ಕೇಜನ್-ಕ್ರಿಯೋಲ್ ಹಬ್ಬದೂಟ’ (ಕೇಜನ್ ಅಂದರೆ ಕೆನಡಾದಿಂದ ಬಂದು ನೆಲೆಸಿದ ಫ್ರೆಂಚ್ ಮೂಲದವರು) ಅಂತ ಜಾಹೀರಾತು ಕಣ್ಣಿಗೆ ಬಿತ್ತು. ತಲೆಗೆ 85 ಡಾಲರ್. ಏಳರಿಂದ ಹತ್ತರವರೆಗೆ ನಾಲ್ಕು ಜನರ ಝೈಡೆಕೊ ಬ್ಯಾಂಡ್. ಬೇಕಾದಷ್ಟು ಕ್ರಾಫಿಶ್ (ಸೀಗಡಿಯಂಥದ್ದು, ಸಿಹಿನೀರಿನದು), ಗಂಬೊ ಅನ್ನೋ ಗಟ್ಟಿ ಸಾರು, ಎಟೂಫೇ ಅನ್ನೋ ಕ್ರಾಫಿಶ್ ಗೊಜ್ಜು, ಜಂಬಲಾಯ ಅನ್ನೋ ಮಾಂಸದ ಅನ್ನ, ಕೊನೆಗೆ ಹಬ್ಬದ ಕಿಂಗ್ ಕೇಕ್. ಶಾಕಾಹಾರಿಗಳಿಗೆ ರೆಡ್ ಬೀನ್ಸ್ ಅನ್ನ, ಅದರ ಪಕ್ಕ ಹಸಿರು ಎಲೆಯ ಗುರುತು. ನಾನು, ಹೆಂಡತಿ, ಮಗ, ಭಾಮೈದ, ಅಮ್ಮ, ಐದು ಜನಕ್ಕೆ 425 ಡಾಲರ್ ಮೊದಲೇ ಕಟ್ಟಿಸಿಕೊಂಡರು.

ರೆಡ್ ಬೀನ್ಸ್ ಬಗ್ಗೆ ನನಗೆ ಗೊತ್ತಿರಲಿಲ್ಲ ಅಂತಲ್ಲ. ಅಲ್ಲಿ ಅದು ಸೋಮವಾರದ ಅಡುಗೆ. ಹಿಂದೆ ಸೋಮವಾರ ಬಟ್ಟೆ ಒಗೆಯೋ ದಿನ, ಭಾನುವಾರದ ಹ್ಯಾಮ್‌ನಲ್ಲಿ ಉಳಿದ ಮೂಳೆ ಹಾಕಿ ಒಲೆ ಮೇಲಿಟ್ಟರೆ ಕಾಳು ತನ್ನ ಪಾಡಿಗೆ ತಾನು ಬೇಯ್ತಾ ಇರೋದು. ಅದಕ್ಕೇ ಕೇಳಿದ್ದು. ದುಡ್ಡು ಕಟ್ಟುವ ಮೊದಲೇ ಮೆಸೇಜ್ ಹಾಕಿದೆ: ಅಮ್ಮ ಹುಟ್ಟಿದಾಗಿನಿಂದ ಶಾಕಾಹಾರಿ, ಹ್ಯಾಮ್, ಸಾಸೇಜ್, ಮಾಂಸ ಬೇಯಿಸಿದ ನೀರು ಯಾವುದೂ ಇರಬಾರದು. “ಖಂಡಿತ, ನಮ್ಮ ಬೀನ್ಸ್ ಶಾಕಾಹಾರಿಗಳಿಗೆ ಸರಿಹೋಗುತ್ತೆ” ಅಂತ ಉತ್ತರ ಬಂತು. ಆ ಮೆಸೇಜ್ ನನ್ನ ಫೋನಿನಲ್ಲಿ ಇನ್ನೂ ಇದೆ.

ಅವತ್ತು ಸಂಜೆ ಎಂಡಿಮಿಯನ್ ಅನ್ನೋ ದೊಡ್ಡ ಮಾರ್ಡಿ ಗ್ರಾ ಮೆರವಣಿಗೆ, ಎಷ್ಟೋ ರಸ್ತೆ ಬಂದ್. ಕಾರು ಎಲ್ಲೋ ನಿಲ್ಲಿಸಿ, ಮಂಡಿನೋವಿರುವ ಅಮ್ಮನನ್ನು ಒಂದು ಮೈಲಿ ನಡೆಸಿಕೊಂಡು ಬಂದೆ. ದಾರಿಯಲ್ಲಿ ಯಾರೋ ಬಾಲ್ಕನಿಯಿಂದ ನೇರಳೆ, ಹಸಿರು, ಬಂಗಾರದ ಬಣ್ಣದ ಮಣಿಸರ ಎಸೆದರು, ಅಮ್ಮ ಕೊರಳಿಗೆ ಹಾಕಿಕೊಂಡರು. ಗಂಬೊ ಅನ್ನೋ ಹೆಸರು ಬೆಂಡೆಕಾಯಿಗೆ ಆಫ್ರಿಕಾದ ಜನ ಹೇಳ್ತಿದ್ದ ಮಾತಿನಿಂದ ಬಂದಿದ್ದು ಅಂತ ಹೇಳಿದರೆ, “ಹಾಗಾದ್ರೆ ನಮ್ಮ ಬೆಂಡೆಕಾಯಿ ಗೊಜ್ಜಿನ ನೆಂಟ್ರು ಅನ್ನು” ಅಂತ ನಕ್ಕರು. ಅಲ್ಲಿಯವರೆಗೂ ಎಲ್ಲ ಚೆನ್ನಾಗಿತ್ತು.

ಬಾಗಿಲಲ್ಲಿ ಕೈಗೆ ಪಟ್ಟಿ ಕಟ್ಟುವವನಿಗೂ ಕೇಳಿದೆ, ಶಾಕಾಹಾರಿ ಒಬ್ಬರು ಅಂತ ಬರೆದುಕೊಂಡಿದ್ದೀರಾ? ಬರೆದುಕೊಂಡಿದ್ದೀವಿ ಅಂದ. ಏಳು ಗಂಟೆ. ಸ್ಟೇಜು ಖಾಲಿ, ಸ್ಪೀಕರಿನಲ್ಲಿ ಹಾಡು. ಏಳೂವರೆ. ಎಂಟು. ಬ್ಯಾಂಡ್ ಎಲ್ಲಿ ಅಂದರೆ “ದಾರಿಯಲ್ಲಿದ್ದಾರೆ”. ಎಂಟೂಮುಕ್ಕಾಲಿಗೆ ಒಬ್ಬ ಹುಡುಗ ಬಂದ. ಒಬ್ಬನೇ. ಕೈಯಲ್ಲಿ ಗಿಟಾರು, ಸ್ಟೂಲಿನ ಮೇಲೆ ಲ್ಯಾಪ್‌ಟಾಪು. ರೇಡಿಯೋದಲ್ಲಿ ದಿನಾ ಬರುವ ಕಂಟ್ರಿ ಹಾಡು ಶುರು ಮಾಡಿದ. ಅಮ್ಮ ನನ್ನ ಮುಖ ನೋಡಿದರು. “ತಗಡಿನವನು ಆಮೇಲೆ ಬರ್ತಾನೇನೋ?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎದ್ದು ಹೋಗಿ ಮ್ಯಾನೇಜರಿಗೆ ಕೇಳಿದೆ. ಝೈಡೆಕೊ ಅಂತ ಹಾಕಿದ್ದೀರಿ, ನಾಲ್ಕು ಜನ ಅಂತ ಹಾಕಿದ್ದೀರಿ, ಅಕಾರ್ಡಿಯನ್ ಎಲ್ಲಿ? ಆಕೆ ಹೇಳಿದ್ದನ್ನು ಅಕ್ಷರಶಃ ಬರೀತೀನಿ: “ಟ್ರ್ಯಾಕಿನಲ್ಲಿ ಅಕಾರ್ಡಿಯನ್ ಇದೆಯಲ್ಲ, ನಿಮಗೆ ಕೇಳಿಸ್ತಿಲ್ವಾ?”

ಲ್ಯಾಪ್‌ಟಾಪಿನ ಒಳಗಿರುವ ಅಕಾರ್ಡಿಯನ್! 350 ಮೈಲಿ ಗಾಡಿ ಓಡಿಸಿಕೊಂಡು ಬಂದವನಿಗೆ!

‘ಬೇಕಾದಷ್ಟು’ ಕ್ರಾಫಿಶ್ ಅಂದರೆ ಐದು ಜನಕ್ಕೆ ಒಂದು ಟ್ರೇ. ಒಬ್ಬರೇ ಮೂರು ಪೌಂಡು ಆರಾಮಾಗಿ ಬಿಡಿಸಿ ತಿನ್ನುವ ಪದಾರ್ಥ ಅದು, ತಿಂದವರಿಗೆ ಗೊತ್ತು. ಟ್ರೇ ತುಂಬ ಆಲೂಗಡ್ಡೆ, ಜೋಳದ ತೆನೆ, ಮಧ್ಯೆ ಅಲ್ಲೊಂದು ಇಲ್ಲೊಂದು ಕ್ರಾಫಿಶ್. ಎಷ್ಟೋ ಬಾಲ ಸುರುಳಿಯಾಗದೆ ನೆಟ್ಟಗಿದ್ದವು. ನೆಟ್ಟಗಿದ್ದರೆ ಬೇಯಿಸುವ ಮೊದಲೇ ಸತ್ತಿದ್ದು ಅಂತ ಅನುಮಾನ ಪಡೋರಿದ್ದಾರೆ, ಆದರೆ ಅದು ಖಚಿತ ಗುರುತಲ್ಲ. ಇನ್ನೊಂದು ಟ್ರೇ ಕೇಳಿದರೆ “ನೀರು ಕುದೀತಿದೆ”. ಮುಕ್ಕಾಲು ಗಂಟೆ ಕುದಿಯಿತು. ಟ್ರೇ ಬರಲೇ ಇಲ್ಲ. ಎಟೂಫೇಯಲ್ಲಿದ್ದ ಮಾಂಸ ರಬ್ಬರು. ಮೆನುವಿನ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ‘ಆಮದಾದದ್ದು ಇರಬಹುದು’ ಅಂತ ಬರೆದಿದ್ದನ್ನು ಆಮೇಲೆ ಹೆಂಡತಿ ತೋರಿಸಿದಳು. ಹೊರದೇಶದ ಸೀಗಡಿ, ಕ್ರಾಫಿಶ್ ಬಡಿಸಿದರೆ ಮೆನುವಿನಲ್ಲಿ ತಿಳಿಸಲೇಬೇಕು ಅಂತ ಲೂಯಿಸಿಯಾನಾದಲ್ಲಿ ಕಾನೂನೇ ಇದೆ. ಅದಕ್ಕೆ ಬರೆದಿದ್ದಾರೆ, ಯಾರೂ ಓದಲಾರದ ಹಾಗೆ. ಗಂಬೊ ನೀರು. ಹಿಟ್ಟನ್ನು ಎಣ್ಣೆಯಲ್ಲಿ ಕಂದು ಬಣ್ಣ ಬರೋವರೆಗೆ ಕೈಬಿಡದೆ ತಿರುವಿ ಮಾಡುವ ರೂ ಇಲ್ಲದಿದ್ದರೆ ನನಗೆ ಅದು ಗಂಬೊ ಅನ್ನಿಸಲ್ಲ. ಹೋಗಲಿ. ಇಷ್ಟೇ ಆಗಿದ್ದರೆ ನಾನು ಇದನ್ನು ಬರೀತಾನೂ ಇರಲಿಲ್ಲ, ದುಡ್ಡು ಹೋಯ್ತು ಅಂತ ಸುಮ್ಮನಾಗ್ತಿದ್ದೆ.

ಅಮ್ಮನ ಬೀನ್ಸ್ ಬಂದಿದ್ದು ಒಂಬತ್ತೂಕಾಲಿಗೆ. ಬಡಿಸುವ ಹುಡುಗಿಗೆ ಮತ್ತೆ ಕೇಳಿದೆ, ಮೂರನೇ ಸಲ. “ಯೆಸ್, ವೆಜಿಟೇರಿಯನ್” ಅಂದಳು. ಅಮ್ಮನಿಗೆ ಹಸಿವಾಗಿತ್ತು, ಮಧ್ಯಾಹ್ನದಿಂದ ಬರೀ ಕಾಫಿ. ಐದಾರು ಚಮಚ ತಿಂದರು. “ಕಾಳು ಚೆನ್ನಾಗಿ ಬೆಂದಿದೆ, ಏನೋ ಹೊಗೆ ವಾಸನೆ” ಅಂದರು. ಆಗಲೇ ನನಗೆ ಧಸಕ್ ಅಂತು. ತಟ್ಟೆ ಎಳೆದುಕೊಂಡು ಫೋರ್ಕಿನಲ್ಲಿ ಕೆದಕಿದೆ. ಕಾಳಿನ ಅಡಿಯಿಂದ ಎಳೆಎಳೆಯಾಗಿ ಗುಲಾಬಿ ಬಣ್ಣದ್ದು ಎದ್ದು ಬಂತು, ಜೊತೆಗೆ ಉಗುರಿನಷ್ಟು ಅಗಲದ ಚರ್ಮ. ಅಮ್ಮ ಅದನ್ನು ನೋಡಿದರು. ಏನೂ ಅನ್ನಲಿಲ್ಲ. ಚಮಚ ಕೆಳಗಿಟ್ಟರು, ಟಿಶ್ಯೂ ಬಾಯಿಗೆ ಒತ್ತಿಕೊಂಡು ಹಾಗೇ ಕೂತರು. ಸ್ಟೇಜಿನ ಮೇಲಿದ್ದವನು ಎಲ್ಲರೂ ಚಪ್ಪಾಳೆ ತಟ್ಟಿ ಅಂತ ಕೂಗುತ್ತಿದ್ದ.

ಮ್ಯಾನೇಜರ್ ಬಂದು ತಟ್ಟೆ ನೋಡಿ ಹೇಳಿದ್ದು: “ನಾವು ಮಾಂಸದ ತುಂಡು ಹಾಕಿಲ್ಲ, ರುಚಿಗೆ ಹ್ಯಾಮ್ ಮೂಳೆ ಅಷ್ಟೇ. ಮೂಳೆಯಿಂದ ಸ್ವಲ್ಪ ಬಿಟ್ಟುಕೊಂಡಿರಬಹುದು.” ಮೆಸೇಜ್ ತೋರಿಸಿದೆ. “ಸರಿಹೋಗುತ್ತೆ ಅಂದಿದ್ದೀವಿ, ಶಾಕಾಹಾರಿ ಅಂದಿಲ್ಲವಲ್ಲ.” ಹಸಿರು ಎಲೆ? “ಅದು ಬೀಫ್ ಇಲ್ಲ ಅನ್ನೋದಕ್ಕೆ.” ಇವಕ್ಕೆಲ್ಲ ನಾನು ಏನು ಹೇಳಬೇಕು? ಇವತ್ತಿಗೂ ರಾತ್ರಿ ಮಲಗಿದಾಗ ಈ ಮೂರು ಮಾತು ತಲೆಯಲ್ಲಿ ಸುತ್ತುತ್ತೆ, ಆಗ ಹೀಗೆ ಹೇಳಬೇಕಿತ್ತು ಹಾಗೆ ಹೇಳಬೇಕಿತ್ತು ಅನ್ನಿಸುತ್ತೆ. ಆಗ ಬಾಯೇ ಬರಲಿಲ್ಲ. ಕೊನೆಗೆ ಅಮ್ಮನಿಗೆ ಒಂದು ತುಂಡು ಕಿಂಗ್ ಕೇಕ್ ಉಚಿತ ಕೊಡ್ತೀವಿ ಅಂದರು. ಕಿಂಗ್ ಕೇಕು ಟಿಕೆಟ್ಟಿನಲ್ಲೇ ಇತ್ತು!

ಮೇಲೆ ಬಿಲ್ಲು ಬೇರೆ. 20 ಪರ್ಸೆಂಟ್ ಸರ್ವಿಸ್ ಚಾರ್ಜ್ ಅಂತ 85 ಡಾಲರ್, ತಲೆಗೆ ಹತ್ತರಂತೆ ‘ಸಂಗೀತ ಶುಲ್ಕ’ 50. ಒಟ್ಟು 560. ಗಲಾಟೆ ಮಾಡಿದರೆ ಅಮ್ಮ ಇನ್ನೂ ಕುಗ್ಗಿಹೋಗ್ತಾರೆ ಅಂತ ಕೊಟ್ಟು ಬಂದೆ. ಕೊಡಬಾರದಿತ್ತು. ಕೊಡಲೇಬಾರದಿತ್ತು.

ರೂಮಿಗೆ ಬಂದು ಅಮ್ಮ ರಾತ್ರಿ ಹನ್ನೊಂದಕ್ಕೆ ತಲೆಗೆ ಸ್ನಾನ ಮಾಡಿದರು. ಭಾನುವಾರ ಪೂರ್ತಿ ಉಪವಾಸ, ಕಾರಿನಲ್ಲಿ ಬರೀ ನೀರು. “ನೀನು ಕೇಳಿದ್ಯಲ್ಲೋ, ನಿಂದೇನು ತಪ್ಪು. ಹಾಸನದಲ್ಲಿ ಮಾತ್ರ ಯಾರ ಮುಂದೆನೂ ಹೇಳ್ಬೇಡ” ಅಂದರು. ಅದಕ್ಕೇ ಇದನ್ನು ನನ್ನ ಹೆಸರು ಹಾಕದೆ ಬರೀತಿದ್ದೀನಿ.

ಆಮೇಲೆ ಬರೆದ ನಾಲ್ಕು ಮೇಲಿಗೆ ಬಂದಿದ್ದು ಒಂದೇ ಉತ್ತರ: ಮಾರ್ಡಿ ಗ್ರಾ ವಾರಾಂತ್ಯದ ಟಿಕೆಟ್ ವಾಪಸ್ ಇಲ್ಲ, ಮುಂದಿನ ಸಲ ಬಂದಾಗ 10 ಪರ್ಸೆಂಟ್ ಕಡಿಮೆ ಮಾಡ್ತೀವಿ. ಮುಂದಿನ ಸಲ! ಅಷ್ಟರಲ್ಲಿ ಅವರ ಪೇಜಿನಲ್ಲಿ ‘ನಾಲ್ಕು ಜನರ ಝೈಡೆಕೊ ಬ್ಯಾಂಡ್’ ಅಂತಿದ್ದದ್ದು ‘ಲೈವ್ ಮ್ಯೂಸಿಕ್’ ಅಂತಾಗಿತ್ತು, ಹಸಿರು ಎಲೆ ಮಾಯ. ಪುಣ್ಯಕ್ಕೆ ಬುಕ್ ಮಾಡುವಾಗ ಹೆಂಡತಿ ಸ್ಕ್ರೀನ್‌ಶಾಟ್ ತೆಗೆದು ತಮ್ಮನಿಗೆ ಕಳಿಸಿದ್ದಳು. ಅದನ್ನೂ ಮೆಸೇಜನ್ನೂ ಇಟ್ಟುಕೊಂಡು ಕ್ರೆಡಿಟ್ ಕಾರ್ಡ್ ಬ್ಯಾಂಕಿಗೆ ದೂರು ಕೊಟ್ಟಿದ್ದೀನಿ. ಇನ್ನೂ ತೀರ್ಮಾನ ಆಗಿಲ್ಲ.

ಹೋಗುವವರು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಪೂರ್ತಿ ದುಡ್ಡು ಮೊದಲೇ ಕಟ್ಟಬೇಡಿ. “ವೆಜಿಟೇರಿಯನ್ನಾ” ಅಂತ ಕೇಳಬೇಡಿ, “ಪಾತ್ರೆಗೆ ಮೂಳೆ ಹಾಕಿದ್ದೀರಾ” ಅಂತ ಕೇಳಿ. ಅಪ್ಪ-ಅಮ್ಮ ಜೊತೆಗಿದ್ದರೆ ಮೊದಲ ತುತ್ತು ನೀವೇ ನೋಡಿ.

ಇನ್ನೊಂದು ಮಾತು, ಇದು ನನಗೆ ಆಮೇಲೆ ನನ್ನ ಸಹೋದ್ಯೋಗಿ ಹೇಳಿದ್ದು. ಝೈಡೆಕೊ ಹುಟ್ಟಿದ್ದು ನ್ಯೂ ಆರ್ಲಿಯನ್ಸಿನಲ್ಲಲ್ಲ, ಲಾಫಯೆಟ್, ಓಪಲೂಸಸ್ ಸುತ್ತಮುತ್ತಲ ಹಳ್ಳಿಗಳ ಕಡೆ. “ನನ್ನ ಊರಿನ ಪಕ್ಕದಲ್ಲೇ ಐ-10 ಹೆದ್ದಾರಿಯಲ್ಲಿ ಹೋಗಿದ್ದೀಯ, ಒಂದು ಫೋನ್ ಮಾಡಬಾರದಿತ್ತಾ” ಅಂತ ಬೇಜಾರು ಮಾಡಿಕೊಂಡರು. ಅಕ್ಟೋಬರಿನಲ್ಲಿ ಲಾಫಯೆಟ್‌ನಲ್ಲಿ ‘ಫೆಸ್ಟಿವಲ್ಸ್ ಅಕೇಡಿಯನ್ಸ್ ಎ ಕ್ರಿಯೋಲ್ಸ್’ ಅಂತ ನಡೆಯುತ್ತೆ, ಸಂಗೀತ ಕೇಳಲಿಕ್ಕೆ ಒಂದು ಪೈಸೆ ಕೊಡಬೇಕಾಗಿಲ್ಲ. ಅಮ್ಮನ ವಾಪಸ್ ಟಿಕೆಟ್ ಜೂನ್‌ಗೆ.

ಏಪ್ರಿಲ್‌ನಲ್ಲಿ ಫ್ರೆಂಚ್ ಕ್ವಾರ್ಟರ್ ಫೆಸ್ಟಿವಲ್‌ಗೆ ನಮ್ಮವರು ತುಂಬ ಜನ ಹೊರಟಿದ್ದೀರಿ ಅಂತ ಗೊತ್ತು. ಅದೂ ಬಯಲಲ್ಲಿ, ಉಚಿತವಾಗಿ ನಡೆಯುವಂಥದ್ದು, ಅಲ್ಲಿಗೆ ಹೋಗಿ. ಹಣ ಕಟ್ಟಿ ಬಾರಿನ ಒಳಗೆ ಕೂರಬೇಕು ಅನ್ನಿಸಿದರೆ ಮೊದಲು ನನಗೊಂದು ಮೆಸೇಜ್ ಮಾಡಿ, ಆ ಜಾಗದ ಹೆಸರು ಹೇಳ್ತೀನಿ. ಇಲ್ಲಿ ಎಲ್ಲರೆದುರು ಹಾಕಲ್ಲ, ಬ್ಯಾಂಕಿನದು ಮುಗಿಯೋವರೆಗೆ.